ಅತ್ತಿಗೆ ಬಾಯಿಗೆ ಹಾಕಿದ ನೀರು

ನಮ್ಮ ಅತ್ತಿಗೆಯನ್ನು ಎಲ್ಲರೂ ನಾಲಿಗೆಯಕ್ಕ ಅಂತಲೇ ಕರೆಯುವುದು. ಮಾತು ಜಾಸ್ತಿ ಅಂತಲ್ಲ. ಆ ವಿಷಯದಲ್ಲಿ ಈ ಮನೆಯಲ್ಲಿ ನಾನೇ ಮುಂದು. ವಯಸ್ಸಿನಲ್ಲಿ ನಾವಿಬ್ಬರೂ ಒಂದೇ, ಏಕವಚನದಲ್ಲೇ ಕಿತ್ತಾಡುತ್ತೇವೆ. ಅವಳ ಕಸುಬು ಮೀನುಮರಿ ಸಾಕುವುದು. ಅಣ್ಣ ತೀರಿಕೊಂಡ ಮೇಲೆ ಹಳ್ಳದ ಪಕ್ಕದ ಕೊಳಗಳನ್ನೆಲ್ಲ ಒಬ್ಬಳೇ ನಡೆಸಿದಳು. ಬೆಳಗಾದರೆ ಪ್ರತಿ ಕೊಳದಿಂದ ಒಂದು ಬೊಗಸೆ ನೀರೆತ್ತಿ ಬಾಯಿಗೆ ಹಾಕಿ, ನಾಲಿಗೆ ಮೇಲೆ ಆಡಿಸಿ ಉಗುಳುವಳು. ಇಲ್ಲಿ ಸುಣ್ಣ ಸಾಲದು, ಅಲ್ಲಿ ಹಳೇ ಮೇವು ತಳದಲ್ಲಿ ಕೊಳೀತಿದೆ ಅಂತ ಹೇಳಿಬಿಡುವಳು. ಅವಳು ಹೇಳಿದ್ದು ಸುಳ್ಳಾದದ್ದನ್ನು ನಾನು ನೋಡಿರಲಿಲ್ಲ. ಇದನ್ನು ಅವಳಿಗೆ ಕಲಿಸಿದ್ದು ನಮ್ಮಮ್ಮ. ನನಗೂ ಕಲಿಸೋಕೆ ಬಂದಿದ್ದರು, ನಾನು ಛೀ ಅಂತ ಓಡಿದ್ದೆ.

ಅತ್ತಿಗೆಯ ಮಗಳು ಓಡಲಿಲ್ಲ. ಅವಳ ಗಂಡ ಲಾರಿ ಡ್ರೈವರು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಅದಕ್ಕೆ ಬಸುರಿಯಾದ ಮೇಲೆ ತಾಯಿ ಹತ್ತಿರ ಬಂದಿದ್ದಳು. ಸುಮ್ಮನೆ ಕೂತರೆ ಮೈ ಜಡ ಹಿಡಿಯುತ್ತೆ ಅಂತ ತಾಯಿಯ ಹಿಂದೆಯೇ ಕೊಳದ ಏರಿ ಮೇಲೆ ಓಡಾಡುವಳು. ಅತ್ತಿಗೆಗೆ ಒಳಗೊಳಗೇ ಹಿಗ್ಗು. ಕೊಳಗಳು ಮಗಳಿಗೆ ಹೋಗಬೇಕು, ಅದಕ್ಕೂ ಮೊದಲು ಈ ವಿದ್ಯೆ ಹೋಗಬೇಕು ಅಂತ ಅವಳ ಆಸೆ.

ಅಷ್ಟರಲ್ಲಿ ಹಳ್ಳದ ಮೇಲ್ಗಡೆ ಸಾಲುಸಾಲಾಗಿ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ನಿಮ್ಮ ಕಕ್ಕಸಿನ ಪೈಪು ಎಲ್ಲಿಗೆ ಹೋಗುತ್ತಪ್ಪಾ ಅಂತ ಅಲ್ಲಿನ ವಾಚ್‌ಮನ್‌ನನ್ನು ಕೇಳಿದ್ದೆ. ನೆಲದೊಳಗೆ ಹೋಗುತ್ತೆ ಅಂದ. ನೆಲದೊಳಗೆ ಹೋಗಿ ಆಮೇಲೆ ಎಲ್ಲಿಗೆ ಅಂದಿದ್ದಕ್ಕೆ ಹಲ್ಲು ಕಿರಿದ.

ಆಮೇಲೆ ಮೀನುಗಳು ಕೆಟ್ಟವು. ಮೇವು ಎಸೆದರೆ ಮುಗಿಬೀಳುತ್ತಿದ್ದವು, ಈಗ ಹಳ್ಳದ ನೀರು ಬರುವ ತೂಬಿನಿಂದ ದೂರ ಮೂಲೆಗೆ ಸೇರಿ, ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹಿಡಿದು ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕಾದ್ದು ಬಿಳಿಚಿಕೊಂಡು, ಮೇಲೆಲ್ಲ ಲೋಳೆ. ಅತ್ತಿಗೆ ನೀರನ್ನು ಬಾಯಿಗೆ ಹಾಕಿದಳು. ನೀರು ಚೆನ್ನಾಗಿದೆ, ಮೇವಿನದೇ ದೋಷ ಅಂದಳು. ಮೇವು ಬದಲಾಯಿತು, ಮೀನು ಸಾಯುವುದು ನಿಲ್ಲಲಿಲ್ಲ. ನೀರನ್ನು ಪರೀಕ್ಷೆಗೆ ಕಳಿಸೋಣ ಅಂತ ಮಗಳು ಅಂದಾಗ ಅತ್ತಿಗೆಗೆ ಚುಚ್ಚಿದಂತಾಯಿತು.

"ನಿಮ್ಮಜ್ಜಿ ಕಾಲದಿಂದ ಬಂದ ನಾಲಿಗೆ ಇದು. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ನೀನೇ ನೋಡು," ಅಂದಳು.

ಮಗಳು ನೋಡಿದಳು. ದಿನಾ ನೋಡಿದಳು. ಇನ್ನೂ ಪಳಗಿರಲಿಲ್ಲವಲ್ಲ, ಉಗುಳುವ ಮೊದಲೇ ಗುಟುಕು ಗಂಟಲಿಗೆ ಇಳಿದುಬಿಡುತ್ತಿತ್ತು. ತಾಯಿ ಮಗಳು ಇಬ್ಬರೂ ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು.

ಹಾಗೇ ವಾರಗಳು ಕಳೆದವು. ಕಡೆಗೆ ತಡೆಯಲಾಗದೆ ನಾನೇ ನೀರನ್ನೂ ನಾಲ್ಕು ಮೀನನ್ನೂ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಕರೆದಾಗ ಹೋದೆ. ಮೀನಿನ ಕಿವಿರಲ್ಲಿ, ಕರುಳಲ್ಲಿ ಮನುಷ್ಯರ ಕಾಮಾಲೆ ವೈರಸ್ಸು ಸಿಕ್ಕಿದೆ ಅಂದರು ಅಲ್ಲಿನ ಮೇಡಂ. ನಮ್ಮ ಕಾಮಾಲೆ ಮೀನಿಗೆ ಬರುವುದಿಲ್ಲವಂತೆ, ಅದು ಬರೀ ಹೊತ್ತುಕೊಂಡು ತಿರುಗುತ್ತದಂತೆ. ಆದರೆ ಅದರ ಜೊತೆಗೇ ಬಂದ ಕಕ್ಕಸಿನ ಹೊಲಸು ಮೀನುಗಳಿಗೆ ಉಸಿರು ಕಟ್ಟಿಸಿದೆ, ಸೊರಗಿದ ಮೀನಿಗೆ ಕಂಡಕಂಡ ರೋಗ ಅಂಟಿದೆ ಅಂದರು. ಹಳ್ಳದ ನೀರಿನಲ್ಲಿ ಬೆರೆತು ತೆಳುವಾದರೆ ರುಚಿಗೂ ಮೂಗಿಗೂ ಏನೂ ಗೊತ್ತಾಗುವುದಿಲ್ಲ, ಯಾರೂ ಅದನ್ನು ಬಾಯಿಗೆ ಹಾಕಬೇಡಿ ಅಂದರು.

ಮನೆಗೆ ಬಂದರೆ ಮಗಳು ಅಡುಗೆಮನೆ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಅನ್ನದ ವಾಸನೆಗೇ ವಾಕರಿಕೆ ಅಂದಳು. ಬಸುರಿಗೆ ಅದೆಲ್ಲ ಇದ್ದದ್ದೇ ಅಂತ ಅತ್ತಿಗೆ ನೀರು ಕುಡಿಸುತ್ತಿದ್ದಳು. ನಾನು ಗದ್ದ ಹಿಡಿದು ಮುಖವನ್ನು ಕಿಟಕಿ ಕಡೆ ತಿರುಗಿಸಿದೆ. ಕಣ್ಣು ಹಳದಿಯಾಗಿತ್ತು.

ಬೇರೆಯವರಾದರೆ ಮಲಗಿ ಎದ್ದರೆ ಹೋಗುವ ಕಾಮಾಲೆ, ತುಂಬು ಬಸುರಿಗೆ ಪ್ರಾಣಕ್ಕೇ ಬರಬಹುದು ಅಂದರು ಆಸ್ಪತ್ರೆಯ ಡಾಕ್ಟರು. ಅತ್ತಿಗೆ ಹಾಸಿಗೆಯ ತುದಿಯಲ್ಲಿ ಮಗಳ ಪಾದ ಹಿಡಿದು ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಮೊದಲು ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಮಗಳಿಗೆ ಮಾತು ತೊದಲಿತು, ನನ್ನನ್ನೇ ಅಮ್ಮ ಅಂದಳು, ಆಮೇಲೆ ಯಾರನ್ನೂ ಏನೂ ಅನ್ನಲಿಲ್ಲ. ಅಳಿಯ ಲಾರಿ ಬಿಟ್ಟು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಯವರೆಲ್ಲರ ರಕ್ತವನ್ನೂ ಆಸ್ಪತ್ರೆಯವರು ಪರೀಕ್ಷೆಗೆ ತೆಗೆದುಕೊಂಡಿದ್ದರು. ಅದರ ಫಲಿತಾಂಶ ಹೇಳಲು ಡಾಕ್ಟರು ಕರೆದಾಗ ಅತ್ತಿಗೆ ಕೇಳಿದ್ದು ಒಂದೇ ಮಾತು.

"ಜೀವಮಾನವೆಲ್ಲ ಆ ನೀರು ಬಾಯಿಗೆ ಹಾಕಿದ್ದು ನಾನು. ನನಗ್ಯಾಕೆ ಬರ್ಲಿಲ್ಲ?"

"ನಿಮಗೆ ಯಾವಾಗಲೋ ಗೊತ್ತಾಗದ ಹಾಗೆ ಬಂದು ಹೋಗಿದೆಯಮ್ಮ. ಅದರ ಗುರುತು ರಕ್ತದಲ್ಲಿದೆ. ಅದೇ ನಿಮ್ಮನ್ನ ಕಾಪಾಡಿರಬೇಕು."

ಸಮಾಧಾನ ಮಾಡುವ ಹಾಗೆ ಹೇಳಿದರು, ಪಾಪ. ಅತ್ತಿಗೆ ತಲೆಯಾಡಿಸಿ ಎದ್ದಳು.

ನಾನು ಆ ಅಪಾರ್ಟ್‌ಮೆಂಟುಗಳ ಮುಂದೆ ನಿಂತು ಗಂಟಲು ಹರಿಯುವ ತನಕ ಬೈದೆ. ಬಾಲ್ಕನಿಯಲ್ಲಿದ್ದವರು ಒಬ್ಬೊಬ್ಬರೇ ಒಳಗೆ ಹೋದರು. ಯಾರ ಮನೆಯ ಕಾಯಿಲೆ ಇಳಿದು ಬಂತು ಅಂತ ಯಾರಿಗೆ ಗೊತ್ತು, ಅವರಿಗೂ ಗೊತ್ತಿರಲಿಕ್ಕಿಲ್ಲ. ಇದು ಆ ಪೈಪಿನ ಕೆಲಸ, ನಿನ್ನದಲ್ಲ ಅಂತ ಅತ್ತಿಗೆಗೆ ದಿನಾ ಹೇಳುತ್ತೇನೆ. ಅವಳು ಹೂಂ ಅನ್ನುತ್ತಾಳೆ.

ಕೊಳಗಳನ್ನು ಬತ್ತಿಸಿದ್ದೇವೆ. ಈಗ ಅಡುಗೆ ನನ್ನದು. ಮುಂಚೆ ನನ್ನ ಅಡುಗೆಗೆ ಕೊಂಕು ತೆಗೆಯದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಮೊನ್ನೆ ಬೈಯಲಿ ಅಂತಲೇ ಪಲ್ಯಕ್ಕೆ ಚಿಟಿಕೆ ಉಪ್ಪೂ ಹಾಕದೆ ಬಡಿಸಿದೆ. ಸುಮ್ಮನೆ ತಟ್ಟೆ ಖಾಲಿ ಮಾಡಿದಳು. ಉಪ್ಪು ಸರಿಯಾಗಿದೆಯೇನೇ ಅಂತ ಕೇಳಿದೆ.

"ನನ್ನ ಕೇಳ್ಬೇಡ," ಅಂದಳು.