ಮೊಮ್ಮಗನ ಕಣ್ಣ ಸುತ್ತ ಕೆಂಪು

ಮಾರ್ಗಿಲಾನ್ ಊರಿನ ಹೋಸಿಯತ್ ಅಜ್ಜಿಗೆ ಅನುಮಾನ ಹುಟ್ಟುಗುಣ. ಬೆಳಿಗ್ಗೆ ಹಾಲಿನವಳ ಮೇಲೆ ಶುರುವಾದದ್ದು ಸಂಜೆಗೆ ಬಾಗಿಲ ಚಿಲಕದವರೆಗೂ ಮುಟ್ಟುತ್ತಿತ್ತು. ಅಂಥವಳ ಮೊಮ್ಮಗನ ಎರಡೂ ಕಣ್ಣಿನ ಸುತ್ತ ಬಳೆಯಂತೆ ಕೆಂಪು ಮೂಡಿದರೆ ಕೇಳಬೇಕೆ? ಕೂಸಿಗೆ ಇನ್ನೂ ಚಿಲ್ಲಾ ಮುಗಿದಿರಲಿಲ್ಲ. ನಲವತ್ತು ದಿನ ತುಂಬುವತನಕ ತಾಯಿ ಮಗು ಹೊಸಿಲು ದಾಟುವಂತಿಲ್ಲ.

“ಮಗೂನ ಯಾರಿಗೇ ತೋರ್ಸಿದೆ? ನಿಜ ಬೊಗಳು,” ಎಂದು ಸೊಸೆ ಮಲೋಹತ್‌ಳನ್ನು ಹಿಡಿದಳು.

“ಯಾರಿಗೂ ಇಲ್ಲಮ್ಮಾ.”

“ಮತ್ತೆ ನಿನ್ ಕಣ್ಯಾಕೆ ಕೆಂಪಗಿದೆ? ಕದ್ದು ತವರಿಗೋಗಿ ಅತ್ತು ಬಂದ್ಯಾ?”

ಸೊಸೆ ಕಣ್ಣುಜ್ಜಿಕೊಂಡಳು. ದೃಷ್ಟಿ ತೆಗೆಯಲು ಇಸಿರಿಕ್ ಸೊಪ್ಪಿನ ಹೊಗೆ ಹಾಕಿದ್ದಾಯಿತು, ಬೆಕ್ಕನ್ನು ಓಡಿಸಿದ್ದಾಯಿತು. ಕೆಂಪು ಹಣೆಗೂ ಏರಿತು. ಇವಳನ್ನು ತವರಿಗೆ ಅಟ್ಟು, ಮಗು ಇಲ್ಲೇ ಇರಲಿ ಎಂದು ಅಜ್ಜಿ ಮಗನ ಕಿವಿ ಊದಿದಳು. ಅವನು ಮೊದಲು ಆಸ್ಪತ್ರೆಗೆ ಹೋಗೋಣ ಎಂದ.

ಚರ್ಮದ ಡಾಕ್ಟರ್ ಸಾನೊಬರ್ ಅನುಮಾನದಲ್ಲಿ ಅಜ್ಜಿಗೆ ಸರಿಜೋಡಿ. ಹುಳುಕಡ್ಡಿಯೇನೋ ಎಂದು ಕೆರೆದು ನೋಡಿದಳು, ಅಲ್ಲ. ಸುಟ್ಟಿದ್ದೂ ಅಲ್ಲ. ಕೊನೆಗೆ ಮಗುವನ್ನು ಬಿಟ್ಟು ತಾಯಿಯ ಕಡೆ ತಿರುಗಿದಳು.

“ಕಣ್ಣಲ್ಲಿ ಮರಳು ಬಿದ್ದಂಗಾಗುತ್ತಾ? ಬಾಯಿ ಒಣಗುತ್ತಾ?”

“ಹೂಂ. ಬಸುರೀಲೇ ಶುರುವಾಯ್ತು.”

“ಹಾಗಿದ್ರೆ ನಿಮ್ಮ ರಕ್ತಾನೂ ಪರೀಕ್ಷೆ ಮಾಡ್ಬೇಕು. ನಿಮ್ಮ ದೇಹ ತನ್ನ ಮೇಲೆ ತಾನೇ ಜಗಳಕ್ಕೆ ನಿಂತಂಗಿದೆ. ಜಗಳ ಮಾಡೋ ಆ ಅಂಶ ನಿಮ್ಮ ರಕ್ತದಿಂದ ಹೊಟ್ಟೇಲಿದ್ದಾಗ್ಲೇ ಮಗೂಗೂ ಹೋಗಿರುತ್ತೆ. ಕೆಂಪು ಕೆಲವು ತಿಂಗಳಲ್ಲಿ ತಾನೇ ಮಾಸುತ್ತೆ. ಹೃದಯಕ್ಕೆ ತಟ್ಟಿದ್ರೆ ಮಾತ್ರ ಕಷ್ಟ.”

“ನೋಡ್ದೇನೋ, ಇವಳ ರಕ್ತಾನೇ ಸರಿಯಿಲ್ಲ!” ಅಜ್ಜಿ ಮಗನಿಗೆ ಹೇಳಿದಳು.

“ಬೇಕಂತ ಕೊಟ್ಟಳೇನಜ್ಜಿ? ಸುಮ್ನಿರಿ. ಇದು ಬಿಸಿಲು ತಾಗಿದ್ರೆ ಜಾಸ್ತಿ ಏಳುತ್ತೆ. ಕೂಸನ್ನ ಬಿಸಿಲಿಗೆ ಒಯ್ದವರು ಯಾರು?” ಡಾಕ್ಟರ್ ಕೇಳಿದಳು.

ಮಗ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅವಳು ತಲೆ ತಗ್ಗಿಸಿದಳು.

ಮಗುವಿನ ಮೈ ಹಳದಿ ಇಳಿಯಲೆಂದು, ಸೊಸೆ ಸ್ನಾನಕ್ಕೆ ಹೋದಾಗಲೆಲ್ಲ ಅಂಗಳದ ಮಂಚದ ಮೇಲೆ ಬಿಸಿಲಿಗೆ ಮಲಗಿಸುತ್ತಿದ್ದವಳು ಅಜ್ಜಿಯೇ. ಅಜ್ಜಿ ಒಯ್ದರೆ ಚಿಲ್ಲಾ ಮುರಿಯುವುದಿಲ್ಲ ಎಂಬುದು ಅವಳದೇ ಕಾನೂನು.

“ನಾನೇ,” ಎಂದಳು.

ಮಗುವಿನ ಎದೆಯ ಇಸಿಜಿ ಸರಿಯಾಗಿಯೇ ಬಂತು. ಡಾಕ್ಟರ್ ನಕ್ಕ ಮೇಲೆ ಅಜ್ಜಿಗೆ ಉಸಿರು ಬಂತು. ಹೊರಗೆ ಬೆಂಚಿನ ಮೇಲೆ ಸೊಸೆಯ ಪಕ್ಕ ಕೂತಳು.

“ನಾನು ಒಯ್ತಿದ್ದಿದ್ದು ನಿಂಗೆ ಗೊತ್ತಿತ್ತೇನೇ?”

“ಗೊತ್ತಿತ್ತಮ್ಮಾ. ಕಿಟಕೀಲಿ ನೋಡಿದ್ದೆ.”

“ಮತ್ತೆ ಬಾಯ್ಬಿಡೋಕೇನಾಗಿತ್ತು?”

“ಹೇಳಿದ್ರೆ ನಂಬ್ತಿದ್ರಾ?”

ಅಜ್ಜಿಗೆ ಸುಳ್ಳು ಹೇಳಲಾಗಲಿಲ್ಲ. “ಇಲ್ಲ ಕಣೇ,” ಎಂದಳು. ಹಾಗೆಂದ ಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.