ಚಾಕೋಚ್ಚನ ಕೈಗೇರಿನ ಬೈಕು

ಚಾಕೋಚ್ಚ ಚಹಾ ಕುಡಿಯುವಾಗಲೂ ನಡೆಯುತ್ತಿದ್ದರು. ಅವರ ಎಡಗಾಲು ಮಡಚುತ್ತಿರಲಿಲ್ಲ, ಪಾದದಲ್ಲಿ ಬಲವೂ ಇರಲಿಲ್ಲ. ಆದರೂ ಗ್ಲಾಸು ಹಿಡಿದುಕೊಂಡು ನನ್ನ ಅಂಗಡಿಯ ಬಾಗಿಲಿನಿಂದ ಜೆರಾಕ್ಸ್ ಯಂತ್ರದವರೆಗೆ, ಅಲ್ಲಿಂದ ಪುನಃ ಬಾಗಿಲಿಗೆ. ಕೂತ್ಕೊಳ್ಳಿ ಅಂದರೆ ಕೇಳುವವರಲ್ಲ.

"ಕೂತ್ರೆ ಮತ್ತೆ ಏಳುವ ಕೆಲಸ ಉಂಟಲ್ಲ ಮೋಳೇ," ಅನ್ನುತ್ತಿದ್ದರು. ಮೋಳೇ ಅಂದರೆ ಅವರ ಮಲಯಾಳದಲ್ಲಿ ಮಗಳೇ ಎಂದು.

ಪುತ್ತೂರಿನಲ್ಲಿ ನನ್ನದು ವಾಹನಗಳ ಕಾಗದಪತ್ರ ಮಾಡಿಕೊಡುವ ಸಣ್ಣ ಅಂಗಡಿ. ಚಾಕೋಚ್ಚ ಕಡಬದ ಕಡೆಯವರು. ಅವರ ತಂದೆ ಕೇರಳದಿಂದ ಬಂದು ರಬ್ಬರು ನೆಟ್ಟವರು. ಮಗನ ಮನಸ್ಸು ಮಾತ್ರ ಮರಕ್ಕಿಂತ ಯಂತ್ರಗಳ ಮೇಲೆ. ತೋಟಕ್ಕೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮೆಷಿನು, ಯಾವುದು ಕೈಕೊಟ್ಟರೂ ಗುತ್ತಿಗಾರಿನಿಂದ ಕೆದಂಬಾಡಿಯವರೆಗೆ ಜನ ಅವರಿಗೇ ಫೋನು ಮಾಡುತ್ತಿದ್ದರು.

ಕೆದಂಬಾಡಿಯ ನಮ್ಮ ಮನೆಗೂ ಒಮ್ಮೆ ಪಂಪು ರಿಪೇರಿಗೆ ಬಂದಿದ್ದರು. ಒಂದು ವಾಷರು ಬೇಕಾಯಿತು. ಅಪ್ಪ ಪೇಟೆಗೆ ಹೋಗಿ ತರುವಷ್ಟರಲ್ಲಿ ಇವರು ಅಡುಗೆಮನೆಯ ಜಗಲಿಯಲ್ಲಿ ಅಮ್ಮನ ಮಿಕ್ಸಿಯನ್ನು ಪೂರ್ತಿ ಬಿಚ್ಚಿ ಹರಡಿದ್ದರು.

"ಅಯ್ಯೋ ಮಾರಾಯ್ರೆ, ಅದು ಹಾಳಾಗ್ಲಿಲ್ಲ!" ಅಂದರು ಅಮ್ಮ.

"ಹಾಳಾಗುವ ಮೊದಲು ನೋಡುದು ಒಳ್ಳೇದಲ್ವಾ ಅಮ್ಮ?"

ಆಮೇಲೆ ಮಿಕ್ಸಿಯ ಸದ್ದು ಕಡಿಮೆಯಾಯಿತೆಂದು ಅಪ್ಪ ಹೇಳುತ್ತಾರೆ. ಅಮ್ಮ ಇವತ್ತಿಗೂ ಒಪ್ಪುವುದಿಲ್ಲ.

ಅವರ ಬೈಕು ಅವರ ಹಾಗೆಯೇ ಇತ್ತು. ಕಾಳುಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಕಾಲು ಹೋದ ಮೇಲೆ, ಮನೆಯವರು ಇನ್ನು ತಿರುಗಾಟ ಸಾಕು ಎಂದರಂತೆ. ಚಾಕೋಚ್ಚ ಒಂದು ಹಳೆ ಬೈಕು ತಂದು, ಎಡಗಾಲಿನಲ್ಲಿ ಹಾಕಬೇಕಾದ ಗೇರನ್ನು ಕೈಗೆ ತಂದರು. ಹಿಂದಿನ ಸ್ಕೂಟರುಗಳಲ್ಲಿದ್ದಂತೆ ಎಡಗೈಯ ಹಿಡಿಯನ್ನು ತಿರುಗಿಸಿದರೆ ಗೇರು ಬೀಳುತ್ತಿತ್ತು. ಮಡಚದ ಕಾಲು ಚಾಚಲು ಒಂದು ತಗಡಿನ ಮೆಟ್ಟು, ಹಿಂದೆ ಹತ್ಯಾರಿನ ಪೆಟ್ಟಿಗೆ. ಗೇರಿಲ್ಲದ ಸ್ಕೂಟರ್ ತಗೊಳ್ಳಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ. "ಅದರ ಸಣ್ಣ ಚಕ್ರ ನಮ್ಮ ಗುಡ್ಡೆ ರಸ್ತೆಯಲ್ಲಿ ಕಲ್ಲು ಕಂಡ್ರೆ ಹೆದರ್ತದೆ," ಎಂದರು.

ಕಳೆದ ವರ್ಷ ಒಂದು ಬೆಳಿಗ್ಗೆ ಅವರು ಯಾರದೋ ಜೀಪಿನಿಂದ ನನ್ನ ಅಂಗಡಿಯ ಮುಂದೆ ಇಳಿದರು. ಅವರನ್ನು ಬೈಕಿಲ್ಲದೆ ನಾನು ನೋಡಿದ್ದು ಅದೇ ಮೊದಲು.

"ಬೈಕು ಮಾರ್ಬೇಕು ಮೋಳೇ."

"ಎಂತಕ್ಕೆ ಚಾಕೋಚ್ಚ?"

ಎರಡು ಸಲ ಬಾಗಿಲಿಗೆ ಹೋಗಿ ಬಂದ ಮೇಲೆ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹಿಂದಿನ ವಾರ ಹಾಲಿನ ಸೊಸೈಟಿಯ ಹತ್ತಿರ ಎಡಗಡೆಯಿಂದ ರಸ್ತೆ ದಾಟುತ್ತಿದ್ದ ಹೆಂಗಸು ಇವರಿಗೆ ಕಾಣಲೇ ಇಲ್ಲ. ಆಕೆ ಹಾರಿ ಬದಿಗೆ ಸರಿದಳು, ಹಾಲಿನ ಕ್ಯಾನು ಚರಂಡಿಗೆ ಬಿತ್ತು.

"ಅವಳು ಬೈದದ್ದಕ್ಕೆ ಬೇಜಾರಿಲ್ಲ. ಅವಳು ಬೈಯ್ಲಿಕ್ಕೆ ಉಳಿದಳಲ್ಲ, ಅದು ದೊಡ್ಡದು. ಅಲ್ಲಿಂದ ಮನೆವರೆಗೆ ತಳ್ಳಿಕೊಂಡೇ ಹೋದೆ. ಮತ್ತೆ ಹತ್ತಲಿಲ್ಲ."

ಆ ಕಾಲಿನಲ್ಲಿ ಅಷ್ಟು ದೂರ ತಳ್ಳಿದ್ದನ್ನು ನೆನೆದು ಅವರ ಕಾಲನ್ನೇ ನೋಡಿದೆ. ಆದರೆ ಕಾಗದದ ವಿಷಯ ಹೇಳಲೇಬೇಕಿತ್ತು. ಗೇರು ಬದಲಾಯಿಸಿದ್ದನ್ನು ಅವರು ಆರ್‌ಸಿಯಲ್ಲಿ ಬರೆಸಿಯೇ ಇರಲಿಲ್ಲ. ಇನ್ಸ್‌ಪೆಕ್ಟರ್ ನೋಡಿ ಒಪ್ಪದೆ ಬೈಕು ಬೇರೆಯವರ ಹೆಸರಿಗೆ ಹೋಗದು.

"ಬಿಚ್ಚಿ ಹಾಕು ಅಂದ್ರೆ?"

"ಅನ್ನಲೂಬಹುದು."

ಆ ಮೇಲಿನ ಎರಡು ತಿಂಗಳು ನನಗೂ ನೆಮ್ಮದಿ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಫೋನು, "ಯಾರಾದ್ರೂ ಕೇಳಿದ್ರಾ?" ಎಂದು. ಯಾರನ್ನಾದರೂ ಕಳಿಸಿದರೆ ಐದನೆಯ ಫೋನು, "ಅಂಥವನನ್ನು ಎಂತಕ್ಕೆ ಕಳಿಸಿದ್ದು?" ಎಂದು. ಸುಳ್ಯದಿಂದ ಬಂದ ಒಬ್ಬ ಯುವಕ ಬೈಕಿನ ಎಂಜಿನ್ ಸದ್ದು ಕೇಳಿ ಖುಷಿಪಟ್ಟನಂತೆ. "ಈ ಹಿಡಿ ತೆಗ್ದು ಮೊದಲಿನ ಹಾಗೆ ಮಾಡ್ಬಹುದಲ್ವಾ?" ಎಂದು ಕೇಳಿದನಂತೆ. ಚಾಕೋಚ್ಚ ಕೀಲಿ ಕೈ ವಾಪಸು ತಗೊಂಡರು.

"ಎರಡು ಕಾಲು ಸರಿ ಇದ್ದವನಿಗೆ ಊರು ತುಂಬ ಬೈಕು ಉಂಟು ಮಾರಾಯ. ಇದನ್ನು ಬಿಡು."

ಅವನಿಗೆ ಕೊಟ್ಟಿದ್ದರೆ ಅಂದೇ ವ್ಯವಹಾರ ಮುಗಿಯುತ್ತಿತ್ತು. ನಾನು ಸಿಟ್ಟಿನಿಂದ ಎರಡು ದಿನ ಅವರ ಫೋನು ಎತ್ತಲಿಲ್ಲ.

ಮೂರನೆಯ ದಿನ ಸಂಪಾಜೆಯಿಂದ ಝೊಹರಾ ಎಂಬವಳ ಕರೆ ಬಂತು. ಗಂಡ ಹಮೀದ್ ಪಿಕಪ್ ಓಡಿಸುತ್ತಿದ್ದವನು. ಘಾಟಿಯಲ್ಲಿ ಅಪಘಾತವಾಗಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಮನೆ ಇರುವುದು ಗುಡ್ಡೆಯ ಮೇಲೆ.

"ಅಕ್ಕ, ಕೈಯಲ್ಲಿ ಗೇರು ಹಾಕುವ ಬೈಕು ಉಂಟಂತೆ ಹೌದಾ? ಇವರು ಮನೆಯಲ್ಲಿ ಕೂತು ಕೂತು ನಮ್ಮನ್ನು ಕೂರ್ಲಿಕ್ಕೆ ಬಿಡುದಿಲ್ಲ. ನಿನ್ನೆ ಅಕ್ಕಿ ಡಬ್ಬಿಯ ಜಾಗ ಮೂರು ಸಲ ಬದಲಾಯಿಸಿದ್ದಾರೆ."

ನಾನು ತಕ್ಷಣ ಚಾಕೋಚ್ಚನಿಗೆ ಫೋನು ಮಾಡಿದೆ.

ಕಡಬದ ಮೈದಾನದಲ್ಲಿ ಹಮೀದನಿಗೆ ಪಾಠ ಶುರುವಾಯಿತು. ಅವನ ಲೈಸೆನ್ಸಿನ ಕಾಗದವನ್ನೂ ನಾನೇ ಮಾಡಿದೆ. ಮೊದಲ ದಿನ ಚಾಕೋಚ್ಚ ಬೈಕಿನ ಒಂದೊಂದು ದೋಷವನ್ನೂ ಹೇಳಿದರು. ಎರಡನೇ ಗೇರು ಬೀಳುವಾಗ ಸ್ವಲ್ಪ ಹಟ ಮಾಡುತ್ತದೆ, ಇಳಿಜಾರಿನಲ್ಲಿ ಒಮ್ಮೆ ಕೇಬಲು ತುಂಡಾಗಿದ್ದು ಉಂಟು, ಪೆಟ್ಟಿಗೆಯಲ್ಲಿ ಯಾವಾಗಲೂ ಇನ್ನೊಂದು ಇರಬೇಕು. ಮಾರುವವರು ಹೀಗೆ ಮಾತಾಡುವುದನ್ನು ನಾನು ಕೇಳಿರಲಿಲ್ಲ. ಹಮೀದ್ ಎರಡು ಸಲ ಬಿದ್ದ. ಮೂರನೆಯ ಸಲ ಮೈದಾನ ಸುತ್ತಿ ಬಂದಾಗ ಅವನ ಮುಖ ನೋಡಿ ಝೊಹರಾ ಆಚೆ ತಿರುಗಿ ನಿಂತಳು.

ಇನ್ಸ್‌ಪೆಕ್ಟರಿಗೆ ತೋರಿಸುವ ದಿನ ಬೈಕನ್ನು ಪಿಕಪ್ಪಿನಲ್ಲಿ ಪುತ್ತೂರಿಗೆ ತಂದೆವು. ಇನ್ಸ್‌ಪೆಕ್ಟರ್ ಹಿಡಿಯನ್ನು ತಿರುಗಿಸಿ, ಬಗ್ಗಿ, ಕೇಬಲು ಹೋದ ದಾರಿಯನ್ನೆಲ್ಲ ನೋಡಿದರು.

"ಇದು ಭದ್ರ ಅಂತ ನಾನು ಹೇಗೆ ನಂಬುದು?"

ಚಾಕೋಚ್ಚ ಹೆಗಲ ಮೇಲಿನ ಬೈರಾಸು ತೆಗೆದು ಅವರತ್ತ ಚಾಚಿದರು.

"ಸರ್, ನಿಮ್ಮ ಎಡಗಾಲನ್ನು ಈ ಮೆಟ್ಟಿಗೆ ಕಟ್ಟಿ ಒಂದು ಸುತ್ತು ಹೋಗಿ. ನನ್ನ ಮಾತು ನಂಬುದು ಬೇಡ."

ಇನ್ಸ್‌ಪೆಕ್ಟರ್ ಒಂದು ಕ್ಷಣ ಅವರನ್ನೇ ನೋಡಿ, ಬೈರಾಸು ಬೇಡವೆಂದು ಸನ್ನೆ ಮಾಡಿ, ಎಡಗಾಲನ್ನು ಮೆಟ್ಟಿನ ಮೇಲೆ ಚಾಚಿ ಹೊರಟೇಬಿಟ್ಟರು. ಒಂದು ಸುತ್ತೆಂದು ಹೋದವರು ಮೂರು ಸುತ್ತು ಹಾಕಿದರು. ಇಳಿದ ಮೇಲೆ ಕೇಳಿದ್ದು ಒಂದೇ ಮಾತು: "ಎಲ್ಲಿ ಕಲ್ತದ್ದು ಇದು?"

"ಬಿದ್ದು, ಸರ್."

ಕಾಗದವಾದ ಮೇಲೆ ಹಮೀದ್ ಅಲ್ಲಿಂದಲೇ ಸಂಪಾಜೆಗೆ ಹೊರಟ. ಝೊಹರಾ ಹಿಂದೆ ಕೂತಿದ್ದಳು. ಚಾಕೋಚ್ಚ ನನ್ನ ಮೊಣಕೈ ಹಿಡಿದು ನಿಂತರು. ಅವರ ಕಣ್ಣಿಗೆ ರಸ್ತೆಯ ಆಚೆ ಬದಿಯೂ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಆಗಲೇ ನನಗೆ ತಿಳಿದದ್ದು.

"ತಿರುವಿಗೆ ಮುಟ್ಟಿದನಾ?"

"ಮುಟ್ಟಿದ."

"ಹಿಂದೆ ತಿರುಗಿ ನೋಡಿದನಾ?"

"ಇಲ್ಲ ಚಾಕೋಚ್ಚ. ಮುಂದೆಯೇ ನೋಡ್ತಿದ್ದಾನೆ."

"ಹಾಗೇ ಆಗ್ಬೇಕು," ಎಂದರು. ಆದರೆ ಕೈ ಬಿಡಲಿಲ್ಲ. ಕಡಬದ ಬಸ್ಸು ಬಂದಾಗ ನಾನೇ ಹತ್ತಿಸಿದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಆಮೇಲಿನ ಕಥೆ ಹಮೀದ್ ಹೇಳಿದ್ದು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಚಾಕೋಚ್ಚ ಅವನಿಗೆ ಫೋನು ಮಾಡುತ್ತಿದ್ದರು. ಕ್ಷೇಮ ಸಮಾಚಾರ ಒಂದೂ ಇಲ್ಲ. "ಸ್ಟಾರ್ಟ್ ಮಾಡು, ಫೋನು ಹತ್ರ ಹಿಡಿ." ಕೇಳಿಸಿಕೊಂಡು, ಚೈನು ಸಡಿಲವಾಗಿದೆ ಎಂದೋ, ಆಯಿಲ್ ಬದಲಿಸು ಎಂದೋ ಹೇಳಿ ಇಟ್ಟುಬಿಡುತ್ತಿದ್ದರು. ಹೇಳಿದ್ದು ಒಮ್ಮೆಯೂ ತಪ್ಪಲಿಲ್ಲವಂತೆ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ಫೋನು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದ ಹಮೀದ್ ತಾನೇ ಮಾಡಿದ. ಆ ಕಡೆ ಎತ್ತಿದ ತಕ್ಷಣ, ಎಂದಿನ ಅಭ್ಯಾಸದಂತೆ ಏನೂ ಮಾತಾಡದೆ ಬೈಕು ಸ್ಟಾರ್ಟ್ ಮಾಡಿ ಫೋನನ್ನು ಎಂಜಿನ್ ಹತ್ತಿರ ಹಿಡಿದ. ಬಹಳ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಅವನು ಎಂಜಿನ್ ಬಂದ್ ಮಾಡಿ, "ಹೇಗುಂಟು ಚಾಕೋಚ್ಚ?" ಎಂದು ಕೇಳಿದ.

ಫೋನು ಹಿಡಿದಿದ್ದವರು ಅವರ ಹೆಂಡತಿ ಅಮ್ಮಿಣಿ ಚೇಚಿ. ಬೆಳಗಿನ ಜಾವ ಚಾಕೋಚ್ಚ ತೀರಿಹೋದ ಸುದ್ದಿಯನ್ನು ಚೇಚಿ ಆಮೇಲೆ ಹೇಳಿದರಂತೆ. ಮೊದಲು ಕೇಳಿದ್ದು ಬೇರೆ.

"ಇನ್ನೊಮ್ಮೆ ಸ್ಟಾರ್ಟ್ ಮಾಡು ಮೋನೇ. ಸ್ವಲ್ಪ ಹೊತ್ತು ಹಾಗೇ ಇರಲಿ."