ಅಡುಗೆಮನೆಯ ಪಾಲಿಗೆ ಬಂದ ಮಾತಿನ ಡಬ್ಬಿ

ನಮ್ಮ ಚನ್ನಗಿರಿಯ ಮನೆಯಲ್ಲಿ ಹಳೆಯ ಹೋಂ ಥಿಯೇಟರ್ ಒಂದಿತ್ತು. ನಾನೂ ಅದೂ ಒಂದೇ ವರ್ಷ ಈ ಮನೆಗೆ ಬಂದವರು; ಇಬ್ಬರಲ್ಲಿ ಅದಕ್ಕೇ ಮರ್ಯಾದೆ ಹೆಚ್ಚು. ಅದರ ಮೇಲೆ ನಾನು ಹೆಣೆದ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಬಟ್ಟೆಯ ಅಂಚು ಇಳಿಬಿದ್ದು ಸ್ಪೀಕರಿನ ಜಾಲರಿಯನ್ನೇ ಮುಚ್ಚಿತ್ತು. ಹೀಗಾಗಿ ಟೀವಿಯಲ್ಲಿ ಯಾರು ಮಾತಾಡಿದರೂ ಕಂಬಳಿ ಹೊದ್ದುಕೊಂಡು ಮಾತಾಡಿದಂತೆ ಕೇಳುತ್ತಿತ್ತು.

ಅದನ್ನು ಬದಲಿಸೋಣ ಎಂದು ಮೊದಲು ಬಾಯಿ ಬಿಟ್ಟವಳು ನಾನು. ಕಾರಣ ನನ್ನ ಅತ್ತೆ. ಸಂಜೆಯ ಧಾರಾವಾಹಿಯನ್ನು ಅವರು ಇಷ್ಟಲಿಂಗ ಪೂಜೆಯಷ್ಟೇ ನಿಷ್ಠೆಯಿಂದ ನೋಡುತ್ತಿದ್ದರು. ಆದರೆ ಈಚೆಗೆ ಎಲ್ಲರೂ ನಕ್ಕ ಮೇಲೆ ಸುತ್ತ ಒಮ್ಮೆ ನೋಡಿ, ಆಮೇಲೆ ನಗುತ್ತಿದ್ದರು. ಯಾರಾದರೂ ಅತ್ತರೆ ತೆರೆಯನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು, ಯಾರು ಸತ್ತರು ಎಂಬುದು ಅಲ್ಲಿ ಬರೆದಿದೆಯೇನೋ ಎನ್ನುವಂತೆ. ಕೊನೆಗೆ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಎದ್ದು ರೂಮಿಗೆ ಹೋಗಿ ಮಲಗತೊಡಗಿದರು. ಕೇಳಿದರೆ, "ಅದರಾಗೇನೈತೆ, ಬರೀ ಅಳು" ಎಂದರು. ಆ ಅಳುವಿಗಾಗಿ ಅವರು ಎಷ್ಟೋ ಮದುವೆಯ ಊಟಗಳನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದದ್ದನ್ನು ನಾನು ನೋಡಿದ್ದೇನೆ.

ಕಿವಿಯ ಸುದ್ದಿ ಎತ್ತುವಂತಿರಲಿಲ್ಲ. ನನ್ನ ಯಜಮಾನರು ಒಮ್ಮೆ ಕಿವಿಗೆ ಹಾಕುವ ಮಿಷನ್ನಿನ ಮಾತು ತೆಗೆದು ಅದರ ಫಲ ಉಂಡಿದ್ದರು. ಅತ್ತೆ ಎಷ್ಟೋ ದಿನ ಅವರೊಡನೆ ನನ್ನ ಮೂಲಕವೇ ಮಾತಾಡಿದರು. ಮಗ ಎದುರಿಗೇ ಕೂತಿದ್ದರೂ, "ಅವನಿಗೆ ರೊಟ್ಟಿ ಬೇಕೇನು ಕೇಳು" ಎಂದು ನನಗೆ ಹೇಳುವರು. ಆದ್ದರಿಂದ ತಪ್ಪೆಲ್ಲ ಟೀವಿಯ ಸೌಂಡಿನದ್ದು ಎಂದು ನಾನು ಘೋಷಿಸಿದೆ. ಟೀವಿಗೆ ಬೇಜಾರಾಗುವುದಿಲ್ಲ.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಹೊನ್ನಾಳಿಯಲ್ಲಿ ನಾನು ಹಾಸ್ಟೆಲಿನಲ್ಲಿದ್ದು ಓದಿದ ಕಾನ್ವೆಂಟಿನ ಸಿಸ್ಟರುಗಳು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂದುಕೊಂಡು ಮಾತಾಡಬೇಕು ಎಂದು ಕಲಿಸಿದ್ದರು. ಆ ಮಗು ಇನ್ನೂ ಎದ್ದಿಲ್ಲ. ನಾನು "ಅತ್ತೇ, ಚಹಾ" ಎಂದರೆ ಅವರು ಏಲಕ್ಕಿಯ ವಾಸನೆಗೆ ತಿರುಗಬೇಕೇ ಹೊರತು ನನ್ನ ದನಿಗಲ್ಲ. ನಮ್ಮಿಬ್ಬರ ನಡುವೆ ಮಾತು ಅಂತ ಉಳಿದಿದ್ದರೆ ಅದು ಧಾರಾವಾಹಿಯದ್ದೇ. ಯಾವ ಸೊಸೆ ಕೆಟ್ಟವಳು, ಯಾವ ಅತ್ತೆ ಅದಕ್ಕಿಂತ ಕೆಟ್ಟವಳು ಎಂದು ಇಬ್ಬರೂ ನಿಷ್ಪಕ್ಷಪಾತವಾಗಿ ತೀರ್ಮಾನಿಸುತ್ತಿದ್ದೆವು. ಅದೂ ನಿಂತುಹೋಗಿತ್ತು.

ದಾವಣಗೆರೆಯ ಅಂಗಡಿಯಲ್ಲಿ ಹುಡುಗನೊಬ್ಬ ನಮ್ಮನ್ನು ಸೋಫಾದಲ್ಲಿ ಕೂರಿಸಿ ಹೆಲಿಕಾಪ್ಟರ್ ಹಾರಿಸಿದ. ಅದು ಮುಂದಿನಿಂದ ಬಂದು, ತಲೆಯ ಮೇಲೆ ಸುತ್ತಿ, ಹಿಂದಕ್ಕೆ ಹೋಯಿತು. ಯಜಮಾನರು ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಡಾಕ್ಟರ ಮುಂದೆ ಕೂತವರಂತೆ ಪರೀಕ್ಷಿಸಿ, ಬಡಿತ ಚೆನ್ನಾಗಿದೆ ಎಂದರು. ನಮ್ಮ ಕಡೆ ಸೌಂಡಿನ ಯೋಗ್ಯತೆಯನ್ನು ಕಿವಿಯಿಂದ ಅಳೆಯುವುದಿಲ್ಲ. ಇದರಲ್ಲಿ ಮನುಷ್ಯರ ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ನಾನು ಕೇಳಿದೆ. ಹೆಲಿಕಾಪ್ಟರಿನ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ.

ಹಾಗೆ ಮನೆಗೆ ಬಂದದ್ದು ಐದು ಸ್ಪೀಕರು, ಒಂದು ವೂಫರು. ವೂಫರ್ ಎಂದರೆ ಗುಡುಗಿಗೆಂದೇ ಇರುವ ದೊಡ್ಡ ಪೆಟ್ಟಿಗೆ. ಅತ್ತೆ ಎಲ್ಲದಕ್ಕೂ ವಿಭೂತಿ ಹಚ್ಚಿ, ವೂಫರಿನ ಮುಂದಿನ ತೂತು ದೇವರು ಹೂವಿಗೆಂದೇ ಕೊಟ್ಟದ್ದೆಂದು ತಿಳಿದು ಅದಕ್ಕೆ ಒಂದು ದಾಸವಾಳ ಸಿಕ್ಕಿಸಿದರು. ಸಂಜೆ ಮೊದಲ ಗುಡುಗಿಗೇ ಆ ಹೂವು ಹಾರಿ ಯಜಮಾನರ ತೊಡೆಯ ಮೇಲೆ ಬಿತ್ತು. ದೇವರು ಪ್ರಸಾದ ಕೊಟ್ಟ ಎಂದು ಅವರು ಕಣ್ಣಿಗೊತ್ತಿಕೊಂಡರು.

ನಿಜವಾದ ಎಡವಟ್ಟು ಆದದ್ದು ಅದಕ್ಕೂ ಮೊದಲು, ಸ್ಪೀಕರು ಹಚ್ಚುವಾಗ. ನಮ್ಮ ಮನೆಯಲ್ಲಿ ಏನು ಬಂದರೂ ಅತ್ತೆಯೇ ಹಿಸ್ಸೆ ಮಾಡುತ್ತಾರೆ. ಹಲಸಿನ ಹಣ್ಣಾಗಲಿ, ಜಗಳೂರಿನ ನನ್ನ ತವರಿನಿಂದ ಬಂದ ಶೇಂಗಾ ಆಗಲಿ, ಒಬ್ಬರ ಮುಂದೆಯೇ ರಾಶಿ ಬೀಳುವಂತಿಲ್ಲ. ಐದೂ ಸ್ಪೀಕರು ಹಾಲಿನಲ್ಲೇ ಇದ್ದರೆ ಉಳಿದವರು ಏನು ಪಾಪ ಮಾಡಿದ್ದಾರೆ? ಹಾಲಿಗೆ ಎರಡು, ಅವರ ರೂಮಿಗೆ ಒಂದು, ಬಂದುಹೋಗುವವರಿಗೆಂದು ಜಗಲಿಗೆ ಒಂದು. ಉದ್ದನೆಯದೊಂದು ಮಿಕ್ಕಿತು. ಇಡೀ ದಿನ ಒಲೆ ಮುಂದೆ ನಿಲ್ಲುವವಳೆಂದು ಅದನ್ನು ನನಗೆ ಕೊಟ್ಟರು. ನನಗೂ ಯಜಮಾನರಿಗೂ ಇದು ಬಹಳ ನ್ಯಾಯವಾಗಿಯೇ ಕಂಡಿತು. ಅವರದ್ದು ಬೋರ್‌ವೆಲ್ ಮೋಟಾರಿನ ಅಂಗಡಿ, ವೈರಿಗೇನು ಬರ. ಬಾಗಿಲ ಚೌಕಟ್ಟುಗಳ ಮೇಲೆ ದಪ್ಪ ದಪ್ಪ ಮೋಟಾರು ವೈರು ಎಳೆದರು. ಹೊರಗಿನವರು ನೋಡಿದರೆ ಹಾಲಿನಲ್ಲೇ ಬೋರು ಕೊರೆಸಿದ್ದಾರೆ ಅನ್ನಬೇಕು.

ಆ ಪೆಟ್ಟಿಗೆಗಳು ಒಂದೊಂದೂ ಒಂದೊಂದು ಬಗೆಯ ಶಬ್ದ ಹೊರಡಿಸುತ್ತವೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜಗಲಿಯ ಪಾಲಿಗೆ ಮಳೆ, ಗಾಳಿ, ಕಾಗೆ ಬಂದಿದ್ದವು. ಮೊದಲ ಸಂಜೆ ಧಾರಾವಾಹಿಯಲ್ಲಿ ಮಳೆ ಸುರಿದಾಗ ಎದುರು ಮನೆಯವರು ಓಡಿಬಂದು, ಒಣಗಲು ಹರವಿದ್ದ ಮೆಣಸಿನಕಾಯಿಯನ್ನೆಲ್ಲ ಬಾಚಿ ಒಳಗೆ ಹಾಕಿದರು. ಹಾಲಿನಲ್ಲಿ ಸಂಗೀತ ಮೊಳಗುತ್ತಿತ್ತು, ಜನ ಬರೀ ಬಾಯಿ ಆಡಿಸುತ್ತಿದ್ದರು. ಮಾತು ಎಲ್ಲೋ ದೂರದಿಂದ ಬಂದಂತೆ ಕೇಳುವುದೇ ಥಿಯೇಟರ್ ಎಫೆಕ್ಟ್ ಎಂದು ಯಜಮಾನರು ನನಗೆ ವಿವರಿಸಿದರು. ಮಾತು ಬರುತ್ತಿದ್ದದ್ದು ನನ್ನ ಸಾಸಿವೆ ಡಬ್ಬಿಯ ಪಕ್ಕದಿಂದ. ಅಡುಗೆಮನೆಯ ಸ್ಪೀಕರಿನಲ್ಲಿ ಮಳೆಯಿಲ್ಲ, ಪಿಟೀಲಿಲ್ಲ, ಡೋಲಿಲ್ಲ, ಶುದ್ಧ ಮಾತು. ಸಂಗೀತ ತೆಗೆದುಬಿಟ್ಟರೆ ಧಾರಾವಾಹಿಯ ಘೋರ ಜಗಳವೂ ನಮ್ಮ ಮನೆಯ ಯಾವುದೋ ಮಂಗಳವಾರದಂತೆ ಇರುತ್ತದೆ.

ಅತ್ತೆ ರೂಮಿನಿಂದ ಎದ್ದು ಬಂದರು. "ನನ್ನ ಡಬ್ಬಿಯಾಗೆ ಬರೀ ಗಾಳಿ ಬೀಸ್ತೈತಲ್ಲೇ. ಅವರ ಮನ್ಯಾಗೆ ಯಾರೂ ಮಾತಾಡಲ್ಲೇನು?" ಎನ್ನುತ್ತ ಬಂದವರು ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. ನನ್ನ ಸ್ಪೀಕರಿನಲ್ಲಿ ಯಾವಳೋ ನಾದಿನಿ ಮಸಲತ್ತು ಮಾಡುತ್ತಿದ್ದಳು. ಅತ್ತೆ ಮಣೆ ಎಳೆದುಕೊಂಡು ಕೂತರು. ನನ್ನ ಮುಂದಿದ್ದ ಬೆಳ್ಳುಳ್ಳಿಯನ್ನು ತಮ್ಮ ಕಡೆ ಎಳೆದುಕೊಂಡು ಸುಲಿಯತೊಡಗಿದರು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. "ಸುಳ್ಳು ಹೇಳ್ತಾಳೆ ನೋಡು ಅವಳು" ಎಂದರು.

ನಾನು ಒಗ್ಗರಣೆ ಬಿಟ್ಟು ಅವರನ್ನೇ ನೋಡಿದೆ. ಅಲ್ಲಿ ಯಾರೋ ಒಬ್ಬ ಕುಚೋದ್ಯದ ಮಾತಾಡಿದ. ಅತ್ತೆ ನಕ್ಕರು, ನನಗಿಂತ ಮುಂಚೆ.

ಅಂದಿನಿಂದ ನಾವಿಬ್ಬರೂ ಧಾರಾವಾಹಿಯನ್ನು ನೋಡುವುದು ಬಿಟ್ಟು ಕೇಳತೊಡಗಿದೆವು. ಗೋಡೆಯಾಚೆ ಚಿತ್ರ, ಈಚೆ ಮಾತು. ಯಾರು ಯಾವ ಸೀರೆ ಉಟ್ಟಿದ್ದಾರೆ ಎಂದು ಆಗಾಗ ಹಾಲಿಗೆ ಇಣುಕಿ ವರದಿ ತರುವುದು ನನ್ನ ಕೆಲಸ. ರೊಟ್ಟಿ ತೆಳ್ಳಗಾಗಿದ್ದು ಆ ದಿನಗಳಲ್ಲೇ; ಜಗಳ ಜೋರಾದಷ್ಟೂ ನನ್ನ ಕೈ ಜೋರಾಗಿ ಬಡಿಯುತ್ತಿತ್ತು.

ಈ ಸುಖ ನೋಡಲಾರದೆ ನ್ಯಾಮತಿಯಿಂದ ಮೈದುನ ಬಂದ. ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿತೇ ಬರುವವನು. ವೈರಿನ ದಾರಿ ಹಿಡಿದು ಮನೆಯೆಲ್ಲ ಸುತ್ತಿ, ನನ್ನ ಸಾಸಿವೆ ಡಬ್ಬಿಯ ಮುಂದೆ ನಿಂತು ಹಣೆ ಒತ್ತಿಕೊಂಡ. "ಅಣ್ಣಾ, ಇದು ಹಿಸ್ಸೆ ಮಾಡಾಕೆ ಆಸ್ತಿಯಲ್ಲೋ. ಐದೂ ಒಂದೇ ರೂಮಿನಾಗೆ ಇರಬೇಕು" ಎಂದ. ಹಾಲಿನ ಉದ್ದಗಲ ಅಳೆದು, ನನ್ನ ಸ್ಪೀಕರನ್ನು ಟೀವಿಯ ಕೆಳಗೆ ಇಟ್ಟು, ಉಳಿದವನ್ನು ಮೂಲೆಗಳಿಗೆ ತೂಗುಹಾಕಿದ. ನಡುವೆ ಅತ್ತೆಯ ಕುರ್ಚಿ. ಶಬ್ದವೆಲ್ಲ ಬಂದು ಸೇರುವ ಜಾಗ ಅದೇ ಎಂದು ಅಳತೆಯ ಟೇಪು ಹಿಡಿದು ತೋರಿಸಿದ.

ನಿಜವಾಗಿ ಅದ್ಭುತವಾಗಿತ್ತು. ಮಳೆ ಸುತ್ತಲೂ ಸುರಿಯಿತು, ಗುಡುಗಿಗೆ ಸ್ಟೀಲಿನ ಲೋಟಗಳು ಕುಣಿದವು, ಯಜಮಾನರ ಕೈ ತಾನಾಗಿ ಎದೆಗೆ ಹೋಯಿತು. ಮಾತಿಗೆ ಪಿಟೀಲು ಮೆತ್ತಿಕೊಂಡಿತು, ಪಿಟೀಲಿಗೆ ಮಳೆ. ಅತ್ತೆ ನಡುವಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಯಜಮಾನರೂ ಮೈದುನನೂ ನಕ್ಕರು. ಅತ್ತೆ ಅವರಿಬ್ಬರ ಮುಖ ನೋಡಿದರು. ಆಮೇಲೆ ನಕ್ಕರು. ಧಾರಾವಾಹಿ ಮುಗಿಯುವ ಮೊದಲೇ ಎದ್ದು, "ಅದರಾಗೇನೈತೆ, ಬರೀ ಅಳು" ಎಂದು ರೂಮಿಗೆ ನಡೆದರು.

ಮರುದಿನ ಮೈದುನ ಬಸ್ ಹತ್ತಿದ, ಯಜಮಾನರು ಅಂಗಡಿಗೆ ಹೋದರು. ನಾನು ಸೆರಗು ಸಿಕ್ಕಿಸಿ, ಟೀವಿಯ ಕೆಳಗಿನ ಸ್ಪೀಕರನ್ನು ಮಗುವಿನಂತೆ ಎತ್ತಿಕೊಂಡು ಬಂದು ಸಾಸಿವೆ ಡಬ್ಬಿಯ ಪಕ್ಕಕ್ಕೇ ಇಟ್ಟೆ. ಮೋಟಾರು ವೈರು ಇನ್ನೂ ಬಾಗಿಲ ಮೇಲೆ ಇತ್ತು. ಸಂಜೆ ಅತ್ತೆ ಬಂದು ಮಣೆ ಎಳೆದುಕೊಂಡರು, ಬೆಳ್ಳುಳ್ಳಿ ಇತ್ತ ಕೊಡು ಎಂಬಂತೆ ಕೈ ಚಾಚಿದರು.

ಯಜಮಾನರು ಹಾಲಿನಿಂದ ಕೂಗಿದರು: ಇಲ್ಲಿ ಮತ್ತೆ ಬರೀ ಬಾಯಿ ಆಡಿಸುತ್ತಿದ್ದಾರಲ್ಲ, ಮಾತು ಎಲ್ಲಿ ಹೋಯಿತು?

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು. "ನಿನ್ನ ಹಿಸ್ಸೆಗೆ ಚಿತ್ರ ಬಂದೈತೆ, ಸುಮ್ನೆ ನೋಡು."

ಅತ್ತೆ ಬೆಳ್ಳುಳ್ಳಿಯ ಸಿಪ್ಪೆ ಊದಿದರು. ನನ್ನ ಕಡೆ ತಿರುಗದೆ, ಸ್ಪೀಕರಿಗೇ ಹೇಳುವಂತೆ ಹೇಳಿದರು: "ಈ ಡಬ್ಬಿ ನೋಡು, ಹೆಂಗೆ ಬಾಯಿ ಬಿಟ್ಟು ಮಾತಾಡ್ತೈತೆ. ನೀನೂ ಹಿಂಗೇ ಮಾತಾಡಿದ್ರೆ ಏನಾಗ್ತೈತವ್ವ. ಇಷ್ಟು ವರ್ಷ ನೀನು ಏನೇನು ಅಂದ್ಯೋ, ನನಗೆ ಅರ್ಧ ಗೊತ್ತೇ ಇಲ್ಲ."

ಅವರು ಕಿವಿಯ ಸುದ್ದಿಗೆ ಅದಕ್ಕಿಂತ ಹತ್ತಿರ ಎಂದೂ ಬಂದಿಲ್ಲ. ಗೊತ್ತಿಲ್ಲದ ಆ ಅರ್ಧದಲ್ಲಿ ಏನೇನಿತ್ತೆಂದು ನೆನೆದು ನನಗೆ ಸ್ವಲ್ಪ ಸಮಾಧಾನವೂ ಆಯಿತೆನ್ನಿ. ಚಹಾ ಸೋಸಿದೆ. ಸಿಸ್ಟರುಗಳನ್ನು ಮನಸ್ಸಿನಲ್ಲೇ ನೆನೆದು ಕ್ಷಮೆ ಕೇಳಿ, ಎದೆಯ ತಳದಿಂದ ಉಸಿರೆಳೆದು, "ಅತ್ತೇ, ಚಹಾ" ಎಂದೆ. ಪಕ್ಕದ ಕೋಣೆಯ ಮಗು ಖಂಡಿತ ಎದ್ದಿರಬೇಕು. ಹಾಲಿನಲ್ಲಿ ಯಜಮಾನರಂತೂ ಎದ್ದು ನಿಂತರು.

ಅತ್ತೆ ಲೋಟಕ್ಕೆ ಕೈ ಚಾಚಿದರು.

"ಕೇಳ್ತೈತೆ," ಎಂದರು. "ಹಂಗ್ಯಾಕೆ ಅರಚ್ತೀ?"